ಬಾಣಂತಿ ಕೋಣೆಯಲ್ಲಿ ಕ್ರಿಸ್‌ಮಸ್ ಸಿನಿಮಾ

ಮೊದಲ ಹೆರಿಗೆಗೆ ನಾನು ರಾಮದುರ್ಗದ ಗಂಡನ ಮನೆಯಿಂದ ಬೈಲಹೊಂಗಲದ ತವರಿಗೆ ಬಂದಿದ್ದೆ. ಡಿಸೆಂಬರ್ ಚಳಿ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮಂಚದ ಕೆಳಗೆ ಕೆಂಡ. ಹೊರಗೆ ಕಾಲಿಡುವಂತಿಲ್ಲ. ಉಳಿದದ್ದು ಟಿವಿ. ಅದರಲ್ಲಿ ಆ ತಿಂಗಳೆಲ್ಲ ಹಿಂದಿಗೆ ಡಬ್ ಮಾಡಿದ ಕ್ರಿಸ್‌ಮಸ್ ಸಿನಿಮಾಗಳ ಸುಗ್ಗಿ. ಎಲ್ಲದರದ್ದೂ ಒಂದೇ ಕಥೆ: ದೊಡ್ಡ ಶಹರದ ಹುಡುಗಿ ಸಣ್ಣ ಊರಿಗೆ ಬರುತ್ತಾಳೆ, ದೇವರ ಮೇಲೆ ಸಿಟ್ಟಾಗಿರುತ್ತಾಳೆ, ಕೊನೆಗೆ ಚರ್ಚಿನಲ್ಲಿ ಅಳುತ್ತಾಳೆ, ಕೂಡಲೇ ಹಿಮ ಬಿದ್ದು, ಒಬ್ಬ ಬಡಗಿ ಒಲಿಯುತ್ತಾನೆ. ಲಗ್ನ ಕೂಡಿಸುವುದು ಬಿಟ್ಟರೆ ಆ ದೇವರಿಗೆ ಬೇರೆ ಕೆಲಸವಿದ್ದಂತೆ ಕಾಣಲಿಲ್ಲ.

ಅವ್ವನಿಗೆ ಹಿಂದಿ ಬಾರದು. ಪಕ್ಕದ ಮನೆಯ ಮುಸ್ಲಿಂ ಹೆಂಗಸು, ನಮಗೆಲ್ಲ ಖಾಲಾ, ಮಧ್ಯಾಹ್ನ ಬಂದು ಕೂತು ಅರ್ಥ ಹೇಳುತ್ತಿದ್ದರು. ನಾಯಕಿ ಎಷ್ಟು ಹೊತ್ತು ಪ್ರಾರ್ಥಿಸಿದರೂ ಅವರದ್ದು ಒಂದೇ ತರ್ಜುಮೆ: "ಗಂಡನ್ನ ಕೊಡು ಅನ್ನಾಕ ಹತ್ಯಾಳ."

ಒಂದು ದಿನ ಹೇಳದೆ ಕೇಳದೆ ನನ್ನ ಅತ್ತೆ ಕೂಸನ್ನು ನೋಡಲು ಬಂದರು. ಬೆಳಿಗ್ಗೆ ಲಿಂಗಪೂಜೆಯಾಗದೆ ನೀರೂ ಮುಟ್ಟದವರು. ಟಿವಿಯಲ್ಲಿ ಆವತ್ತಿನ ಸಿನಿಮಾದೊಳಗೆ ಶಾಲೆಯ ಮಕ್ಕಳು ಏಸು ಹುಟ್ಟಿದ ನಾಟಕ ಆಡುತ್ತಿದ್ದರು.

"ಇದೇನ್ರಿ ಬೀಗತೇರ, ಯಾರ ದೇವರನ್ನ ನೋಡಾಕ ಹತ್ತೀರಿ?"

ಅವ್ವ ಗಾಬರಿಯಿಂದ ರಿಮೋಟ್ ಹುಡುಕಿದಳು. ಅಷ್ಟರಲ್ಲಿ ಅತ್ತೆಯ ಕಣ್ಣು ಪರದೆಗೆ ಅಂಟಿತ್ತು.

"ತಡೀರಿ. ಬಾಣಂತೀನ ದನದ ಕೊಟ್ಟಿಗ್ಯಾಗ ಯಾಕ ಇಟ್ಟಾರ?"

"ಊರಾಗ ಯಾರೂ ಜಾಗಾ ಕೊಡಲಿಲ್ಲರಿ," ಅಂದರು ಖಾಲಾ. "ಇವರು ಬೀಬಿ ಮರಿಯಮ್. ನಮ್ಮ ಕುರಾನ್‌ದಾಗೂ ಅದಾರ. ಅಲ್ಲಿ ಖರ್ಜೂರದ ಗಿಡದ ಬುಡಕ ಹಡೀತಾರ."

ಅತ್ತೆ ಕುಳಿತರು. ಮೂವರು ಜ್ಞಾನಿಗಳು ಬಂಗಾರ, ಧೂಪ ಹಿಡಿದು ಬಂದರು.

"ಧೂಪ ಚಲೋ ಆತು, ಕೂಸಿಗೆ ಹೊಗಿ ಹಾಕಾಕ ಬರತೈತಿ. ಆದರ ಹಡದಾಕಿಗೆ ಒಂದ ಅಂಟಿನ ಉಂಡಿನೂ ತಂದಿಲ್ಲಲ್ಲ! ಗಂಡಸರನ್ನ ಕಳಿಸಿದರ ಹಿಂಗ ಆಕ್ಕೈತಿ ನೋಡ್ರಿ."

ನಕ್ಕು ನಕ್ಕು ನನ್ನ ಹೊಲಿಗೆ ನೋಯಿತು.

"ರಾಮದುರ್ಗದ ಬಸ್ಸಿನ ಹೊತ್ತಾತ್ರಿ," ಅಂದಳು ಅವ್ವ.

"ಹೋಗಲಿ ಬಿಡ್ರಿ. ಆ ಹುಡುಗಿ ಬಡಗ್ಯಾನ್ನ ಮಾಡಿಕೊಂತಾಳೋ ಇಲ್ಲೋ?"

ಚರ್ಚಿನಲ್ಲಿ ಹುಡುಗಿ ಅತ್ತಾಗ ಅತ್ತೆಯೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಡುಗಿಯ ಗಂಡನ ಚಿಂತೆಯೆಂದುಕೊಂಡೆ. ಅದಲ್ಲ.

"ನಿನ್ನ ಗಂಡ ಹುಟ್ಟಿದಾಗ ನಮ್ಮವ್ವ ಇದ್ದಿದ್ದಿಲ್ಲವ್ವಾ," ಅಂದರು ನನಗೆ. "ಬಾಣಂತನ ಮಾಡವರು ಯಾರೂ ಇರಲಿಲ್ಲ. ಕೊಟ್ಟಿಗ್ಯಾಗ ಮಲಗಲಿಲ್ಲ ಅನ್ನೂದೊಂದ ಸಮಾಧಾನ."

ಮದುವೆಯಾಗಿ ಮೂರು ವರ್ಷವಾದರೂ ಅವರು ನನ್ನೆದುರು ಹೀಗೆ ಮಾತಾಡಿದ್ದೇ ಇರಲಿಲ್ಲ. ನಾನು ಕೂಸನ್ನು ಅವರ ತೊಡೆಗೆ ಹಾಕಿದೆ.

ಒಂದು ರಾತ್ರಿಗೆಂದು ನಿಂತವರು ವಾರ ಉಳಿದರು. ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚುವ ಕೆಲಸ ತಾವೇ ಹಿಡಿದರು. ಅವ್ವನಿಗೆ ಅದು ಒಂಚೂರೂ ಹಿಡಿಸಲಿಲ್ಲ.