ಅಳತೆ ಕೂಗಿ ಹೇಳದ ಮಾವಶಿ

ಬೆಳಿಗ್ಗೆ ಆಕೆಯ ಹಣೆಯ ಮೇಲೆ ಮೂರು ಬೆರಳಿನ ಬಿಳಿ ವಿಭೂತಿ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ನೀಲಿಯಾಗಿರುತ್ತಿತ್ತು. ಬಟ್ಟೆಯ ಮೇಲೆ ಗೆರೆ ಎಳೆಯುವ ನೀಲಿ ಚಾಕ್ ಹಿಡಿದ ಕೈಯಿಂದಲೇ ಬೆವರು ಒರೆಸಿಕೊಳ್ಳುವುದು ಆಕೆಯ ರೂಢಿ. ಯಾರಾದರೂ ಹೇಳಿದರೆ, "ಇರ್ಲಿ ಬಿಡವಾ, ಶಿವನ ಕೊರಳೂ ನೀಲೀನೇ ಅದ" ಎಂದು ಮತ್ತೆ ಯಂತ್ರ ತುಳಿಯುತ್ತಿದ್ದಳು.

ಮರಾಠಿ ಸೀಮೆಯ ನಿಲಂಗಾದ ನಮ್ಮ ಓಣಿಯಲ್ಲಿ ಎಲ್ಲರೂ ಆಕೆಗೆ ಮಾವಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಲೋಹಾರಾ ಕಡೆಯ ಹಳ್ಳಿಯವಳು. ಭೂಕಂಪದಲ್ಲಿ ಗಂಡ ಹೋದ. ಆಮೇಲೆ ವಿಧವೆಯರಿಗೆ ಹಂಚಿದ ಹೊಲಿಗೆ ಯಂತ್ರವೊಂದನ್ನು ಹೊತ್ತು, ಸಣ್ಣ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದಳು. ನಾನು ಮದುವೆಯಾಗಿ ಈ ಓಣಿಗೆ ಬರುವಷ್ಟರಲ್ಲಿ ಆಕೆಯ ಮಗಳು ದೊಡ್ಡವಳಾಗಿದ್ದಳು. ಆದರೂ ಮಾವಶಿ ಮೊದಲು ಬಂದಿಳಿದ ತಗಡಿನ ಕೋಣೆ ಬಿಟ್ಟಿರಲಿಲ್ಲ. ಬೇಸಿಗೆಯಲ್ಲಿ ಅದು ಹಂಚಿನಂತೆ ಕಾಯುತ್ತಿತ್ತು. ಸ್ಲ್ಯಾಬಿನ ಮನೆ ಬಾಡಿಗೆಗೆ ಇದೆ ಎಂದರೆ, "ಮ್ಯಾಲ ಬಿದ್ರ ತಗಡ ಬೀಳ್ಲಿ" ಎನ್ನುತ್ತಿದ್ದಳು.

ಓದು ಬರೆಹ ಬಾರದ ಮಾವಶಿಗೆ ಟೇಪಿನ ಅಂಕಿಗಳು ಬೇಕಿರಲಿಲ್ಲ. ಹಳೆಯ ಮರಾಠಿ ಪೇಪರನ್ನು ಎರಡು ಬೆರಳಗಲದ ಪಟ್ಟಿಯಾಗಿ ಹರಿದು ಮೈಗೆ ಸುತ್ತುತ್ತಿದ್ದಳು. ಎದೆಗೆ ಒಂದು ಗೀರು, ಸೊಂಟಕ್ಕೆ ಎರಡು, ತೋಳಿಗೆ ಮೂರು. ಉಗುರಿನಿಂದಲೇ ಪಟ್ಟಿಯ ಅಂಚನ್ನು ಹರಿದು ಗುರುತು ಮಾಡುವುದು. ಆಮೇಲೆ ಅದೇ ಜಂಪರಿನ ಚಿಂದಿಯನ್ನು ಆ ಪಟ್ಟಿಗೆ ಕಟ್ಟಿ ಮೊಳೆಗೆ ತೂಗುಹಾಕುತ್ತಿದ್ದಳು. ರವಿಕೆಗೆ ನಮ್ಮ ಕಡೆ ಜಂಪರ್ ಅನ್ನುತ್ತಾರೆ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಗೊಂಚಲು.

ನಾನು ಆಕೆಯ ಬಳಿಗೆ ಹೋಗಲು ಶುರು ಮಾಡಿದ್ದೇ ಇದಕ್ಕಾಗಿ. ಪೇಟೆಯ ಟೇಲರ್ ಅಳತೆ ತೆಗೆದು ಒಳಗಿನವನಿಗೆ "ಚವ್ವೇಚಾಳೀಸ್!" ಎಂದು ಕೂಗಿ ಹೇಳಿದ್ದ. ನಲವತ್ತನಾಲ್ಕು. ಅಂಗಡಿಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು. ಮಾವಶಿಯ ಕೋಣೆಯಲ್ಲಿ ಪೇಪರ್ ಹರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ನನಗಿರುವುದು ಮನಸ್ಸಿನ ಕಾಯಿಲೆ. ಕೆಲವು ತಿಂಗಳು ಹಾಸಿಗೆಯಿಂದ ಏಳಲಾಗದು. ಕೆಲವೊಮ್ಮೆ ಕುಳಿತಲ್ಲಿ ಕೂರಲಾಗದು, ನಿದ್ದೆ ಬೇಡ, ಮಾತು ನಿಲ್ಲದು. ಎರಡನೆಯ ಮಗ ಹುಟ್ಟಿದ ಮೇಲೆ ಶುರುವಾಯಿತು. ಉದಗೀರದಲ್ಲಿ ಗುರುವಾರ ಗುರುವಾರ ಕೂರುವ ಡಾಕ್ಟರ ಗುಳಿಗೆಯಿಂದ ಅದು ಹತೋಟಿಗೆ ಬಂತು. ಜೊತೆಗೆ ಮೈಯೂ ಬಂತು. ನೂರಾ ಎಂಟು ಕಿಲೋ ಆದಾಗ ಮೊಣಕಾಲು ಕೈಕೊಟ್ಟವು, ಸಕ್ಕರೆ ಏರಿತು. ಉದಗೀರದ ಡಾಕ್ಟರನ್ನು ಕೇಳಿಕೊಂಡೇ ಸೊಲ್ಲಾಪುರದಲ್ಲಿ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಆಯಿತು. ಒಂದು ವರ್ಷದಲ್ಲಿ ನಲವತ್ತು ಕಿಲೋ ಇಳಿದೆ.

ಆ ವರ್ಷ ಮಾವಶಿ ನನ್ನ ಜಂಪರುಗಳನ್ನು ನಾಲ್ಕು ಸಲ ಒಳಗೆ ಹಿಡಿದು ಹೊಲಿದಳು. ಹೆಚ್ಚಾದ ಬಟ್ಟೆ ಕತ್ತರಿಸಿಬಿಡು ಎಂದರೆ ಕೇಳುತ್ತಿರಲಿಲ್ಲ.

"ಒಳಗ ಇರ್ಲಿ. ಚುಚ್ಚತದೇನ?"

"ಮತ್ತ ದಪ್ಪ ಆಗ್ತೀನಿ ಅಂತೀಯೇನ ಮಾವಶಿ?"

"ಮೈ ಅಂದ್ರ ಗ್ವಾಡಿ ಏನ, ಕಟ್ಟಿದಲ್ಲೇ ನಿಂದರ್ಲಾಕ? ನಮ್ಮೂರಾಗ ಗ್ವಾಡಿನೂ ನಿಂತಿಲ್ಲ."

ಮಾರನೆಯ ವರ್ಷ ದಸರಾ ಮುಗಿದ ಮೇಲೆ ನನ್ನ ನಿದ್ದೆ ಮತ್ತೆ ಕೆಟ್ಟಿತು. ಡಾಕ್ಟರು ಮಲಗುವಾಗ ತೆಗೆದುಕೊಳ್ಳಲು ಹೊಸದೊಂದು ಗುಳಿಗೆ ಸೇರಿಸಿದರು. ನಿದ್ದೆ ಬಂತು, ಬೆನ್ನಿಗೇ ಹಸಿವೂ ಬಂತು. ಹೊಟ್ಟೆ ಮುಷ್ಟಿಯಷ್ಟು, ಹಸಿವು ಕಾಳು ತುಂಬುವ ಹಗೇವಿನಷ್ಟು. ಜೋಳದ ರೊಟ್ಟಿ ಅರ್ಧಕ್ಕೇ ಎದೆಯಲ್ಲಿ ನಿಲ್ಲುತ್ತಿತ್ತು. ಆದರೆ ಚಹದಲ್ಲಿ ಅದ್ದಿದ ಖಾರಿ ಬಿಸ್ಕೀಟು, ಪೇಢೆ, ಚಿವಡಾ ಇವೆಲ್ಲ ನುಣ್ಣಗೆ ಇಳಿಯುತ್ತಿದ್ದವು. ಸಂಕ್ರಾಂತಿ ದಾಟುವಷ್ಟರಲ್ಲಿ ಒಂಬತ್ತು ಕಿಲೋ ಏರಿದ್ದೆ. ಉಮರ್ಗಾದಿಂದ ಬಂದ ನಾದಿನಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ವೈನಿ ಮತ್ತ ಉಬ್ಬಲತ್ತಾಳಲ್ಲ! ಸೊಲ್ಲಾಪುರದ ಡಾಕ್ಟರ್ ಕಚ್ಚಾ ಹೊಲಿಗಿ ಹಾಕ್ಯಾನೇನ?" ಎಂದಳು. ಮನೆಮಂದಿಯೆಲ್ಲ ನಕ್ಕರು. ನಾನೂ ನಕ್ಕೆ.

ಮಲಗುವ ಮುಂಚಿನ ಗುಳಿಗೆಯನ್ನು ಅಂದಿನಿಂದ ಬಚ್ಚಲಿಗೆ ಹಾಕತೊಡಗಿದೆ. ಹಸಿವು ಇಳಿಯಿತು. ವಾರಕ್ಕೊಂದು ಕಿಲೋ ಇಳಿಯಿತು. ಬೆಳಗಿನ ಗುಳಿಗೆಯೂ ಯಾಕೆ ಎನ್ನಿಸಿ ಅದನ್ನೂ ಬಿಟ್ಟೆ. ಮೈ ಹಗುರ, ತಲೆ ಹಗುರ. ಯಾರೂ ಏಳುವ ಮೊದಲೇ ಎದ್ದು ಅಟ್ಟದ ಮೇಲಿನ ತಾಮ್ರದ ಪಾತ್ರೆ ಬೆಳಗಿದೆ. ಮನೆಯವರು ಎಸ್‌ಟಿ ಬಸ್ಸಿನ ಕಂಡಕ್ಟರ್, ದೂರದ ಡ್ಯೂಟಿಯಲ್ಲಿದ್ದರು; ಹೆಂಡತಿ ಚುರುಕಾಗಿದ್ದಾಳೆ ಎಂದು ಸಂತೋಷವೇ ಪಟ್ಟರು.

ಗುಳಿಗೆ ಬಿಟ್ಟ ಇಪ್ಪತ್ತೆರಡನೆಯ ದಿನ ಪೇಟೆಗೆ ಹೋಗಿ ಹನ್ನೊಂದು ಜಂಪರ್ ಪೀಸು ತಂದು ಮಾವಶಿಯ ಮುಂದೆ ಸುರಿದೆ.

"ಇವು ಎಲ್ಲಾ ನಾಳಿಗಿ ಬೇಕು."

"ಯಾರ ಲಗ್ನ ಅದ?"

"ಯಾರದೂ ಇಲ್ಲ. ನನಗ ಬೇಕು. ಸಣ್ಣ ಆಗೀನಿ ನೋಡು!"

ಮಾವಶಿ ಒಂದೊಂದೇ ಬಟ್ಟೆ ಮುಟ್ಟಿ ನೋಡಿ ಮಡಚಿ ಇಟ್ಟಳು. ಪಟ್ಟಿ ಸುತ್ತಿ ಗೀರು ಹಾಕಿದಳು. ನನ್ನ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿ, "ಕತ್ತರಿ ಧಾರ ಹಚ್ಚಲಾಕ ಕೊಟ್ಟೀನಿ. ಬರ್ಲಿ. ಅಲ್ಲೀತನಾ ಈ ಹುಕ್ಕು ಆರಿಸು, ಕೂಡು" ಎಂದು ಡಬ್ಬಿಯೊಂದನ್ನು ನನ್ನ ಮುಂದೆ ಬೋರಲು ಹಾಕಿದಳು. ಕತ್ತರಿ ಆಕೆಯ ತೊಡೆಯ ಕೆಳಗೇ ಇತ್ತು. ಹಿಡಿಕೆ ನನಗೆ ಕಾಣುತ್ತಿತ್ತು. ಆದರೂ ನಾನು ಕೂತೆ. ಹುಕ್ಕು ಆರಿಸುತ್ತ, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಶುರುಮಾಡುತ್ತ, ಎರಡು ತಾಸು ಮಾತಾಡಿದೆ. ನಡುವೆ ಆಕೆ ಒಳಗೆ ಹೋಗಿ ಮನೆಯವರ ಬಸ್ ಡೆಪೋಕ್ಕೆ ಫೋನ್ ಮಾಡಿ ಬಂದಿದ್ದಳೆಂದು ನನಗೆ ಗೊತ್ತಾದದ್ದು ಆಮೇಲೆ.

"ಗುಳಗಿ ಎಂದಿನಿಂದ ಬಿಟ್ಟಿ?" ಎಂದಳು, ಸೂಜಿಗೆ ದಾರ ಪೋಣಿಸುತ್ತ.

ನನಗೆ ಬೆಂಕಿ ಹತ್ತಿತು. "ನೀ ಏನ ಡಾಕ್ಟರಾ ಕೇಳ್ಲಾಕ?"

"ಡಾಕ್ಟರ್ ಆಗಿದ್ರ ಮೊದಲ ನಿನ್ನ ಬಾಯಿಗಿ ಎರಡು ಹೊಲಿಗಿ ಹಾಕ್ತಿದ್ದೆ. ಹನ್ನೊಂದು ಜಂಪರ್ ನಾಳಿಗಿ ಯಾರಿಗೂ ಬೇಕಾಗಾಂಗಿಲ್ಲ ಮಗಳ."

ಆಗ ನಾನೊಂದು ಮಾತು ಅಂದೆ. "ಗಂಡನ್ನ ಮಣ್ಣಾಗ ಬಿಟ್ಟು ಓಡಿ ಬಂದಾಕಿ ನನಗ ಬುದ್ಧಿ ಹೇಳ್ತಿ?" ಎಂದೆ.

ಮಾವಶಿಯ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. ಆಮೇಲೆ ಎದ್ದು ಗುಂಡಿಗಳ ಡಬ್ಬಿ ತಂದು ಅದನ್ನೂ ನನ್ನ ಮುಂದೆ ಸುರಿದಳು. "ಹುಕ್ಕು ಆದವು. ಈಗ ಇವು. ಬಿಳಿವು ಬ್ಯಾರೆ, ಕರಿವು ಬ್ಯಾರೆ." ಮನೆಯವರು ಬರುವವರೆಗೆ ಬಾಗಿಲ ಹೊಸ್ತಿಲ ಮೇಲೆಯೇ ಕೂತಿದ್ದಳು. ನಾನು ದಾಟಿ ಹೋಗದಂತೆ ಕೂತದ್ದು.

ಮರುದಿನ ಗುರುವಾರ. ಲಗ್ನದ ಸೀಜನ್ನಿನಲ್ಲಿ ಅಂಗಡಿ ಮುಚ್ಚಿ ಮಾವಶಿಯೂ ನಮ್ಮಿಬ್ಬರ ಜೊತೆ ಉದಗೀರದ ಬಸ್ಸು ಹತ್ತಿದಳು. ದೇವಣಿ ಬರುವವರೆಗೂ ನಾನು ಆಕೆಯನ್ನು ಬೈಯುತ್ತಿದ್ದೆ. ಆಕೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.

ನಾನು ಗುಳಿಗೆ ಬಿಟ್ಟದ್ದು ತೂಕದ ಭಯಕ್ಕೆ ಎಂದು ತಿಳಿದು, ತೂಕ ಯಾವಾಗಿನಿಂದ ಏರಿತು ಎಂದು ಡಾಕ್ಟರು ಕೇಳಿದರು. ನಾನು ಏನೇನೋ ಹೇಳಿದೆ. ಮನೆಯವರಿಗೆ ಗೊತ್ತಿರಲಿಲ್ಲ. ಮಾವಶಿ ಸೆರಗಿನ ಗಂಟು ಬಿಚ್ಚಿ ನನ್ನ ಪಟ್ಟಿಗಳ ಗೊಂಚಲನ್ನು ಮೇಜಿನ ಮೇಲೆ ಸಾಲಾಗಿ ಹಾಸಿದಳು.

"ಇದರಾಗ ತಾರೀಕು ಇಲ್ಲಲ್ಲ ಮಾವಶಿ?" ಎಂದರು ಡಾಕ್ಟರು, ನಗುತ್ತ.

"ತಾರೀಕು ಯಾಕ್ರೀ, ಬಟ್ಟಿ ಅದಲ್ಲ. ಈ ಹಸರದು ದಸರಾದ್ದು. ಅಲ್ಲೀತನಾ ಇಳಕೋತ ಬಂದಾಳ, ನೋಡ್ರಿ ಗೀರು. ಇದು ಸಂಕ್ರಮಣದ್ದು. ಇಲ್ಲಿಗಿ ಏರ್ಯಾಳ. ನಡುವ ನೀವು ಏನ ಕೊಟ್ಟೀರಿ?"

ಡಾಕ್ಟರು ನಗು ನಿಲ್ಲಿಸಿ ಫೈಲು ತೆರೆದರು. ನಡುವೆ ಕೊಟ್ಟದ್ದು ಆ ಹೊಸ ಗುಳಿಗೆ. ಅದಕ್ಕೆ ಹಸಿವು ಹೆಚ್ಚುವುದುಂಟು, ಖಾರಿಯ ಪಾಲೂ ಇದೆ ಎಂದರು. ಆಪರೇಷನ್ ಆದ ಹೊಟ್ಟೆಯಲ್ಲಿ ಗುಳಿಗೆ ಇಳಿಯುವ ರೀತಿಯೂ ಬೇರೆಯಾಗಬಹುದೆಂದು ರಕ್ತ ಪರೀಕ್ಷೆ ಬರೆದರು. ಸಿಟ್ಟು ಮಾಡಲಿಲ್ಲ. ನಾನು ಶಾಂತವಾದ ಮೇಲೆ, ಎರಡು ತಿಂಗಳಲ್ಲಿ ಆ ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಬೇರೊಂದನ್ನು ಏರಿಸಿದರು. ಊಟಕ್ಕೆ ಕೂತರೆ ಮೊದಲು ಬೇಳೆ, ಮೊಸರು. ಪ್ರತಿ ರವಿವಾರ ತೂಕ ಬರೆದಿಡಬೇಕು. "ವಜನ್ ಏರಿದ್ರ ನನಗ ಬಂದು ಬೈರಿ. ಗುಳಗಿ ಮ್ಯಾಲ ಸಿಟ್ಟು ತೆಗಿಬ್ಯಾಡ್ರಿ" ಎಂದರು.

ತೂಕ ಎಪ್ಪತ್ನಾಲ್ಕಕ್ಕೆ ನಿಂತಿತು. ಮತ್ತೆ ಅರವತ್ತೆಂಟಕ್ಕೆ ಇಳಿಯಲಿಲ್ಲ, ನೂರಕ್ಕೂ ಹೋಗಲಿಲ್ಲ. ಮಾವಶಿ ಜಂಪರುಗಳ ಒಳಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಳು. ಕತ್ತರಿ ಹಾಕದ ಹನ್ನೊಂದು ಪೀಸುಗಳಲ್ಲಿ ಒಂಬತ್ತನ್ನು ಅಂಗಡಿಯವನು ವಾಪಸು ತೆಗೆದುಕೊಂಡ.

ತಲೆ ನೆಟ್ಟಗಾದ ಮೇಲೆ, ಗಂಡನ ಬಗ್ಗೆ ಅಂದ ಮಾತಿಗೆ ಕ್ಷಮೆ ಕೇಳಲು ಹೋದೆ. ಎರಡು ಸಲ ಬಾಗಿಲವರೆಗೆ ಹೋಗಿ ತಿರುಗಿ ಬಂದಿದ್ದೆ. ಮೂರನೆಯ ಸಲ ಹೇಳಿಬಿಟ್ಟೆ. ಮಾವಶಿ ಯಂತ್ರ ನಿಲ್ಲಿಸದೆ, "ಅರ್ಧಾ ನಿನ್ನ ಬ್ಯಾನಿ ಅಂತು. ಇನ್ನರ್ಧಾ ನೀನೇ ಅಂದಿ. ನಿನ್ನ ಅರ್ಧಕ್ಕ ಹೋಗಿ ಛಾ ಮಾಡ್ಕೊಂಡು ಬಾ" ಎಂದಳು. ಸಕ್ಕರೆ ಹಾಕದೆ ತಂದಿದ್ದಕ್ಕೆ ಮಾತ್ರ ಬೈದಳು: "ಸಕ್ಕರಿ ಬಿಟ್ಟಾಕಿ ನೀನು, ನಾ ಅಲ್ಲ."

ಹೋದ ಶ್ರಾವಣದಲ್ಲಿ ಮಾವಶಿ ಉಮರ್ಗಾದಲ್ಲಿ ಮಗಳ ಮನೆಯಲ್ಲಿ ತೀರಿಕೊಂಡಳು. ಎದೆನೋವು ಎಂದಳಂತೆ, ಆಸ್ಪತ್ರೆ ಮುಟ್ಟಲಿಲ್ಲ. ಸುದ್ದಿ ಬಂದ ಕೂಡಲೇ ಸಿಕ್ಕ ಬಸ್ಸು ಹತ್ತಿದೆ. ಹೋಗುವಷ್ಟರಲ್ಲಿ ಆಕೆಯನ್ನು ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವು. ಹೊರಗೆ ಭಜನೆ ನಡೆದಿತ್ತು.

ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ನನ್ನ ಹೊಟ್ಟೆಗೆ ಹೊತ್ತು ಹೊತ್ತಿಗೆ ಸ್ವಲ್ಪ ಬೀಳಬೇಕು. ಬೆಳಗಿನ ಗುಳಿಗೆಯೂ ಉಂಡ ಮೇಲಿನದು. ಹೆಣವಿಟ್ಟ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಯಾರೂ ತಿನ್ನುವುದಿಲ್ಲ. ತಡೆದು ನೋಡಿದೆ. ಆಗಲಿಲ್ಲ. ಚೀಲದಿಂದ ಡಬ್ಬಿ ತೆಗೆದು, ಬೇಯಿಸಿದ ಹೆಸರುಬೇಳೆಯನ್ನು ಹೆಂಗಸರ ನಡುವೆ ಕೂತಲ್ಲೇ ನಾಲ್ಕು ತುತ್ತು ತಿಂದೆ.

"ಇಲ್ಲಿ ಮಣ್ಣ ಆಗಬೇಕಾಗ್ಯದ, ಈಕಿಗಿ ಹೊಟ್ಟಿ ನೆನಪಾಗ್ಯದ" ಎಂದಳು ಪಕ್ಕದ ಮುದುಕಿ, ಎಲ್ಲರಿಗೂ ಕೇಳುವಂತೆ. ನಾನು ಗುಳಿಗೆ ತೆಗೆದಾಗ ಅಂಗೈಯೊಳಗೆ ಬಗ್ಗಿ ನೋಡಿದಳು. "ಏನವ ಇವು? ಸಕ್ಕರಿ ಬ್ಯಾನಿವಾ?"

ಇಷ್ಟು ವರ್ಷ ಯಾರು ಕೇಳಿದರೂ ನಾನು ಹೌದು ಎಂದೇ ಹೇಳುತ್ತ ಬಂದಿದ್ದೆ.

"ಇಲ್ಲ ಆಯಿ, ಇವು ತಲಿಗಿ. ಬಿಟ್ರ ತಲಿ ಕೆಡತದ. ಒಮ್ಮಿ ದಪ್ಪ ಆಗ್ತೀನಿ ಅಂತ ಬಿಟ್ಟಿದ್ದೆ. ಹಿಡದು ಕೂಡಿಸಿದಾಕಿ ಅಕೋ, ಅಲ್ಲಿ ಕುಂತಾಳ."

ಮುದುಕಿ ಮಾವಶಿಯ ಕಡೆ ನೋಡಿದಳು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನನ್ನ ಕಿವಿಯ ಹತ್ತಿರ ಬಂದಳು.

"ನನ್ನ ಸೊಸಿನೂ ಗುಳಗಿ ಹಿತ್ತಲದಾಗ ಚೆಲ್ಲತಾಳ. ದಪ್ಪ ಆಗ್ತೀನಿ ಅಂತಾಳ. ನಿನ್ನ ಡಾಕ್ಟರ್ ಎಲ್ಲಿ ಕೂಡತಾನ?"

"ಉದಗೀರದಾಗ, ಗುರುವಾರ. ನಿಲಂಗಾತನಾ ಕಳಸು. ಮುಂದ ನಾ ಕರಕೊಂಡು ಹೋಗ್ತೀನಿ."

ಅಷ್ಟರಲ್ಲಿ ಗಂಡಸರು ಒಳಗೆ ಬಂದು ಮಾವಶಿಯನ್ನು ಎತ್ತಿದರು.

ಆ ಸೊಸೆ ಉಮರ್ಗಾದಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ. ಮೂರು ಸಲ ಹೋಗಿ ಬಂದೆವು. ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾಳೆ, ನನ್ನ ಜೊತೆ ಇನ್ನೂ ಮಾತಿಲ್ಲ. ಆದರೆ ಬರುತ್ತಾಳೆ.