ಬರೀ ಗೇಯಕಾರರು

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದ ನಮ್ಮ ಮನೆಯಲ್ಲೇ ಸಂಗೀತ ಪಾಠ ಹೇಳುತ್ತಿದ್ದೆ. ನನ್ನ ಗಂಡನಿಗೆ ಸಿನಿಮಾ ಹಾಡಿನ ಹುಚ್ಚು. ಸಿನಿಮಾದ ಸಂಗೀತ ನಿರ್ದೇಶಕರೂ ನಿನ್ನ ವಾಗ್ಗೇಯಕಾರರಿಗೆ ಸಮ ಎಂದು ಅವರು ಕೆಣಕಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

‘ಮಾತು, ರಾಗ ಎರಡನ್ನೂ ತಾನೇ ಕಟ್ಟೋನು ವಾಗ್ಗೇಯಕಾರ. ನಿಮ್ಮೋರಿಗೆ ಮಾತು ಬರ್ಕೊಡೋಕೆ ಬೇರೆಯೋರು ಬೇಕು. ಬರೀ ಗೇಯಕಾರರು ಬುಡಿ!’ ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಒಮ್ಮೆ ಗಂಡನ ಜೊತೆ ನನ್ನ ತವರಿನಿಂದ ವಾಪಸು ಬರಲು ಕೆ.ಆರ್. ಪೇಟೆಯಲ್ಲಿ ಬಸ್ಸು ಹತ್ತಿದ್ದೇ ತಡ, ನಮ್ಮ ಎಳೆಮಗು ರಚ್ಚೆ ಹಿಡಿಯಿತು. ಹಾಲಿಗೂ ಬಗ್ಗಲಿಲ್ಲ, ಗಿಲಕಿಗೂ ಬಗ್ಗಲಿಲ್ಲ. ನಾನು ಜೋಗುಳದ ರಾಗವಾದ ನೀಲಾಂಬರಿಯಲ್ಲಿ ಒಂದು ಕೀರ್ತನೆ ಎತ್ತಿಕೊಂಡೆ. ಅಳು ನನ್ನ ಶ್ರುತಿಯನ್ನೂ ಮೀರಿ ಏರಿತು. ಮುಂದಿನ ಸೀಟಿನ ಅಜ್ಜ ಕಿವಿ ಮುಚ್ಚಿಕೊಂಡರು, ಮಗುವಿನ ಅಳುವಿಗೋ ನನ್ನ ಹಾಡಿಗೋ ತಿಳಿಯಲಿಲ್ಲ.

‘ಇರಕ್ಕ, ಕ್ಯಾಸೆಟ್ ಆಕ್ತೀನಿ’ ಎಂದ ಡ್ರೈವರು.

ಸಿನಿಮಾ ಹಾಡು ಶುರುವಾದ ಮೇಲೂ ಮಗು ಅಳುತ್ತಲೇ ಇತ್ತು. ಪಲ್ಲವಿ ಮುಗಿದು ಹಾಡುಗಾರರು ಸುಮ್ಮನಾದಾಗ ಕೊಳಲು, ಪಿಟೀಲುಗಳಷ್ಟೇ ಉಳಿದವು. ಮಗು ಬಿಕ್ಕುವುದನ್ನು ನಿಲ್ಲಿಸಿ ಆಲಿಸಿತು. ಅಂಥದೇ ಇನ್ನೊಂದು ವಾದ್ಯದ ಅಲೆ ಬರುವಷ್ಟರಲ್ಲಿ ಅದರ ತಲೆ ನನ್ನ ಹೆಗಲ ಮೇಲೆ ಭಾರವಾಯಿತು. ಇಡೀ ಬಸ್ಸು ನೆಮ್ಮದಿಯ ಉಸಿರು ಬಿಟ್ಟಿತು.

ಅಜ್ಜ ಹಿಂದಕ್ಕೆ ತಿರುಗಿ ಪಿಸುಗುಟ್ಟಿದರು: ‘ಮನಿಕೊಂತು. ಇನ್ನು ನೀನು ಪದ ಆಡ್ಬ್ಯಾಡ ಕಣವ್ವ.’

ಪಕ್ಕದಲ್ಲಿದ್ದ ಗಂಡ ನಗು ತಡೆದುಕೊಂಡು ನನ್ನನ್ನು ನೋಡಿದರು. ಸೋತು ಅಷ್ಟು ಹಾಯೆನಿಸಿದ್ದು ಅದೇ ಮೊದಲು. ಮಗುವಿಗೆ ಇನ್ನೂ ಮಾತು ಬಂದಿರಲಿಲ್ಲ. ಅದಕ್ಕೆ ಬರೀ ಗೇಯವೇ ಸಾಕಾಗಿತ್ತು.