ಹೆಡ್‌ಲೈಟಿನ ಮುರಿದ ಕಿವಿಗಳು

ಮೊನ್ನೆ ಒಲೆಗೆ ತಾಗಿ ಪ್ಲಾಸ್ಟಿಕ್ ಜಗ್ಗಿನ ಹಿಡಿಕೆ ಕರಗಿತು. ಅಡುಗೆಮನೆಯೆಲ್ಲ ಸುಟ್ಟ ವಾಸನೆ. ಕಿಟಕಿ ತೆಗೆಯುವುದನ್ನೂ ಮರೆತು ಸುಮ್ಮನೆ ನಿಂತೆ. ಆ ವಾಸನೆಯ ಜೊತೆಗೇ ಬಾಜೂ ಮನೆಯ ಚಾಚಾ ನೆನಪಾದರು... ಸುರಪುರದ ನಮ್ಮ ಓಣಿಯಲ್ಲಿ, ಕಟ್ಟೆಯ ಮೇಲೆ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು.

ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದವರು ಅವರು. ಚಾಚಿಗೆ ಫಿಟ್ಸ್ ಬರುತ್ತಿತ್ತು. ಒಮ್ಮೆ ಅದರ ಗುಳಿಗೆ ಊರಲ್ಲೆಲ್ಲೂ ಸಿಗಲಿಲ್ಲ. ಚಾಚಾಗೆ ಜ್ವರ. ಯಾದಗಿರಿಯಿಂದ ತರಿಸಬೇಕು ಎಂದು ಅವರು ಬಂದು ಕೇಳಿದಾಗ ನನ್ನ ಗಂಡ ಕೂಡಲೇ ಸ್ಕೂಟರ್ ಗಾಡಿ ತೆಗೆದರು. ಮರಳುವಾಗ, ಶಹಾಪುರ ದಾಟಿದ ಮೇಲೆ, ರಸ್ತೆಯಲ್ಲಿ ಕೆಟ್ಟು ನಿಂತಿದ್ದ ಟ್ರ್ಯಾಕ್ಟರಿನ ಟ್ರಾಲಿಗೆ ಗುದ್ದಿದರು. ಅಲ್ಲೇ ಮುಗಿಯಿತು.

ಅವರ ಅಂಗಿಯ ಕಿಸೆಯಲ್ಲಿ ಗುಳಿಗೆಯ ಪೊಟ್ಟಣ ಹಾಗೇ ಇತ್ತು. ಮಣ್ಣು ಮಾಡಿ ಎಲ್ಲರೂ ಬಂದ ಮೇಲೆ ಅದನ್ನು ಚಾಚಿಗೆ ಕೊಟ್ಟು ಬಂದೆ. ಅವರು ಇಸಿದುಕೊಂಡರು.

ನನಗೆ ಅಳು ಬರಲಿಲ್ಲ. ಬಂದವರೆಲ್ಲ ಅದಕ್ಕಾಗಿ ಕಾದು, ನನ್ನ ಮುಖ ನೋಡಿ ಹೋದರು. ನಾನು ಅಡುಗೆ ಮಾಡಿದೆ, ಬಟ್ಟೆ ಮಡಿಚಿದೆ, ಮತ್ತೆ ಶಾಲೆಗೆ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟೆ.

ಪೊಲೀಸ್ ಠಾಣೆಯಿಂದ ಅವರ ಗಾಡಿ ವಾಪಸ್ ಬಂದಾಗ ಹೆಡ್‌ಲೈಟು ವೈರಿಗೆ ಜೋತುಬಿದ್ದಿತ್ತು. ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಕಿವಿಗಳು ಮುರಿದಿದ್ದವು. "ಗುಜರಿಗೆ ಹಾಕಿಬಿಡ್ರಿ ವೈನಿ, ಅದನ್ನ ನೋಡಕೋತ ಯಾಕ ಕೂಡ್ತೀರಿ?" ಎಂದ ಮೈದುನ. ಸಂಜೆ ಚಾಚಾ ಬಾಗಿಲಿಗೆ ಬಂದರು.

"ಬೇಟಿ, ಆ ಲೈಟ್ ಬಿಚ್ಚಿ ನನ್ನ ಕಡೆ ಕೊಡು. ಮಾಡಿ ನೋಡ್ತೀನಿ."

ಆಮೇಲೆ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಅದೇ ಕೆಲಸ. ಸೋಲ್ಡರಿಂಗ್ ಕಡ್ಡಿ ಕಾಯಿಸಿ, ಬಿರುಕಿನ ಮೇಲೆ ಸಣ್ಣ ತಂತಿ ಇಟ್ಟು ಒತ್ತುತ್ತಿದ್ದರು. ಪ್ಲಾಸ್ಟಿಕ್ ಕರಗಿ ತಂತಿಯನ್ನು ನುಂಗುತ್ತಿತ್ತು. ಒಂದು ಕಿವಿಯಂತೂ ಸಿಕ್ಕೇ ಇರಲಿಲ್ಲ, ರಸ್ತೆಯಲ್ಲೇ ಎಲ್ಲೋ... ಹಳೆಯ ಮಡ್‌ಗಾರ್ಡಿನ ತುಂಡು ಕತ್ತರಿಸಿ ಹೊಸದನ್ನೇ ಮಾಡಿದರು. ಬೋಲ್ಟು ಬಿಗಿಯುವಾಗ ಅದೂ ಪಟ್ಟನೆ ಮುರಿಯಿತು. ಚಾಚಾ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ನಾನು ಚಹಾದ ಕಪ್ಪು ಹಿಡಿದು ನಿಂತಿದ್ದೆ.

"ಗುಳಿಗಿ ತಾ ಅಂತ ನಾನ ಕಳಿಸಿದ್ನಲ್ಲ ಬೇಟಿ," ಎಂದರು, ತಲೆ ಎತ್ತದೆ.

"ಇಲ್ರಿ ಚಾಚಾ. ಅವ್ರಿಗೆ ಅವತ್ತ ಹೆಂಗೂ ಯಾದಗಿರ್‍ಯಾಗ ಕೆಲಸಿತ್ರಿ. ಹೋಗೋರೇ ಇದ್ರು."

ಕೆಲಸ ಏನೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತೋ ಏನೋ. ತಲೆ ಎತ್ತಿ ನನ್ನನ್ನು ನೋಡಿದರು. ನಂತರ ಚಹಾ ಇಸಿದುಕೊಂಡು ಕುಡಿದರು, ಕಡ್ಡಿಯನ್ನು ಮತ್ತೆ ಕಾಯಲಿಟ್ಟರು.

ಕೊನೆಗೆ ಲೈಟು ತನ್ನ ಜಾಗದಲ್ಲಿ ಕೂತಿತು. ಕೀ ತಿರುಗಿಸಲು ನನಗೇ ಹೇಳಿದರು. ಹಗಲಾದ್ದರಿಂದ ಬೆಳಕು ಹತ್ತಿದ್ದು ಕಾಣಲಿಲ್ಲ. ಚಾಚಾ ಅಂಗೈ ಅಡ್ಡ ಹಿಡಿದರು. ಅಂಗೈ ಹಳದಿಯಾಯಿತು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಆಗಲೂ ಏನೂ ಅನಿಸಲಿಲ್ಲ.

"ಮಾರಬ್ಯಾಡ. ನೀನ ಹೊಡಿಯಾಕ ಕಲಿ," ಎಂದರು.

ಕಲಿತೆ. ಅದೇ ಗಾಡಿಯಲ್ಲಿ ಶಾಲೆಗೆ ಹೋಗಿ ಬರತೊಡಗಿದೆ. ಚಾಚಿ ತೀರಿಹೋದ ಮೇಲೆ ಅವರ ಮಗಳು ಚಾಚಾರನ್ನು ಗುರುಮಠಕಲ್ಲಿಗೆ ಕರೆದೊಯ್ದಳು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ದಫನ್ ಮುಗಿದಿತ್ತು. ಆದರೂ ಹೋದೆ. ಮಗಳ ಕೈ ಹಿಡಿದು ಕೂತೆ, ಅವಳು ಅತ್ತಳು, ನಾನು ಎದ್ದು ಬಂದೆ.

ಬಾಜೂ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಒಳ್ಳೆಯ ಜನ. ಮೊದಲೆಲ್ಲ ನಾನು ಶಾಲೆಯಿಂದ ಬರುವ ಹೊತ್ತಿಗೆ ಚಾಚಾ ಬಾಗಿಲಲ್ಲಿ ನಿಂತಿರುತ್ತಿದ್ದರು. ನಾನು ಗಾಡಿ ಸ್ಟ್ಯಾಂಡ್ ಹಾಕಿದ್ದನ್ನು ನೋಡಿ ಒಳಗೆ ಹೋಗುತ್ತಿದ್ದರು, ಅಷ್ಟೇ. ಈಗಲೂ ಗಾಡಿ ನಿಲ್ಲಿಸಿದ ಮೇಲೆ ಆ ಬಾಗಿಲ ಕಡೆ ನೋಡುತ್ತೇನೆ. ಬಾಗಿಲು ಮುಚ್ಚಿರುತ್ತದೆ. ನಾನು ಮರಳಿ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ.